ಕಾಶವ್ವ ಕಿತ್ತ ಮೆಂತ್ಯ

ಬೆಳಗಿನ ಆರು ಗಂಟೆ. ಮುಂಬೈಯ ವಡಾಲದ ಕನ್ನಡ ಶಾಲೆಯೊಂದರ ಹಿಂದೆ ಕಾಶವ್ವ ಮೆಂತ್ಯ ಕೀಳುತ್ತಿದ್ದಾರೆ. ದಟ್ಟವಾಗಿ ಬೆಳೆದ ಎಳೆ ಸೊಪ್ಪು. ಒಂದೆಲೆಗೂ ಹುಳ ಬಿದ್ದಿಲ್ಲ. ಅದನ್ನು ಬೇರುಸಹಿತ ಕಿತ್ತು ಕಸದ ಚೀಲಕ್ಕೆ ತುರುಕುತ್ತಿದ್ದಾರೆ. ಕಣ್ಣಾರೆ ಕಂಡರೂ ನಂಬಲಾಗುವುದಿಲ್ಲ.

ಗೋಡೆಯಾಚೆಯಿಂದ ತರಕಾರಿ ಮಾರುವಾಕೆ ಕೂಗುತ್ತಾಳೆ: "ಅರೇ ಮೌಸಿ, ಫೇಕ್ತೀ ಕಾಯ್ಕೂ? ಮೇರೇಕು ದೇ!" ಎಸೆಯುವ ಬದಲು ತನಗೆ ಕೊಟ್ಟರೆ ಸ್ಟೇಷನ್ ಹೊರಗೆ ಮಾರುತ್ತಾಳಂತೆ.

"ನಿನ್ನ ಮಕ್ಕಳಿಗಿ ತಿನಸ್ತಿ ಏನು ಇದನ್ನ? ಹೋಗ್!" ಕಾಶವ್ವ ತಲೆ ಎತ್ತುವುದಿಲ್ಲ.

ಯಾದಗಿರಿ ಕಡೆಯ ಕಾಶವ್ವ ಕಟ್ಟಡಗಳಲ್ಲಿ ಗಾರೆ ಹೊತ್ತವರು. ಮೊಣಕಾಲು ಕೈಕೊಟ್ಟ ಮೇಲೆ ಈ ಶಾಲೆಯಲ್ಲಿ ಕಸ ಗುಡಿಸುತ್ತಾರೆ. ಇಲ್ಲಿ ಓದುವವರು ಅವರದೇ ಕಡೆಯ ಕೂಲಿಯವರ ಮಕ್ಕಳು. ಮಧ್ಯಾಹ್ನ ಬರುವ ಖಿಚಡಿಯಲ್ಲಿ ತರಕಾರಿ ಇರುವುದಿಲ್ಲ. ಅದಕ್ಕೇ ಕಾಶವ್ವ ಹಿತ್ತಲಿನ ಕಲ್ಲು ಆರಿಸಿ ಪಾತಿ ಮಾಡಿದರು. ಪಾಲಕ್, ರಾಜಗಿರಿ ಬೇಯಿಸಿ ಖಿಚಡಿಗೆ ಬೆರೆಸಿದರು. ಶಾಲೆಯ ನಲ್ಲಿ ನೀರು ಕುಡಿಯಲಿಕ್ಕೇ ಸಾಲದು. ಹಾಗಾಗಿ ಗಿಡಗಳಿಗೆ ಗೋಡೆ ಪಕ್ಕದ ಗಟಾರದ ಕೊಳಚೆ ನೀರನ್ನು ಬಕೆಟಿನಲ್ಲಿ ಎತ್ತಿ ಹಾಕಿದರು.

"ರೈಲ್ ಹಳಿ ಬಾಜೂಕ ಸೊಪ್ಪು ಬೆಳೆಯೋರು ಎಲ್ಲಾರೂ ಅಂಥಾ ನೀರೇ ಹಾಕ್ತಾರ್ರೀ. ಕುದಿಸಿದ ಮ್ಯಾಲ ಏನಾಗ್ತದ ಅಂದ್ಕೊಂಡೆ."

ಆದರೆ ಇವರ ಕಡೆ ಮೆಂತ್ಯವನ್ನು ರೊಟ್ಟಿ ಜೊತೆ ಹಸಿಯಾಗಿಯೇ ಕಡಿಯುತ್ತಾರೆ. ಬೆಳಿಗ್ಗೆ ಒಣ ರೊಟ್ಟಿ ಹಿಡಿದು ಬರುವ ಮಕ್ಕಳಿಗೆ ಕಾಶವ್ವನೇ ಹಿಡಿ ಹಿಡಿ ಕಿತ್ತು ಕೊಡುತ್ತಿದ್ದರು. ಕಳೆದ ವಾರ ಎರಡನೇ ಕ್ಲಾಸಿನ ಶಿವಕುಮಾರಿಗೆ ವಾಂತಿಭೇದಿ ಹತ್ತಿ, ಆಸ್ಪತ್ರೆಯಲ್ಲಿ ಸಲೈನ್ ಏರಿಸಬೇಕಾಯಿತು.

ಎಲ್ಲರೂ ಬೀದಿಯಲ್ಲಿ ಮಾರುವ ಐಸಿನ ಬರ್ಫ್ ಗೋಲಾವನ್ನು ಬೈದರು. ತೋಟದ ಹೆಸರು ಯಾರೂ ಎತ್ತಲಿಲ್ಲ. ಕಾಶವ್ವನೇ ಹೋಗಿ ಮಗುವಿನ ತಾಯಿ ನೀಲಾಬಾಯಿಯ ಮುಂದೆ ನಿಂತರು: "ಗಟಾರ ನೀರಿಂದು ನಾನೇ ತಿನಿಸೀನವ್ವ."

ಮುಖ್ಯೋಪಾಧ್ಯಾಯ ಸದಾನಂದ ಮಂಗಳೂರಿನವರು. "ಇವರಿಗೆ ಬಾಯಿ ಮುಚ್ಚಿಕೊಂಡು ಇರ್ಲಿಕ್ಕೆ ಆಗ್ಲಿಲ್ಲ ಮಾರಾಯ್ರೆ. ಮೇಲಿನವರು ತೋಟ ಮುಚ್ಚಿಸಿದ್ರೆ ಮಕ್ಕಳಿಗೆ ಪುನಃ ಬರೀ ಖಿಚಡಿ" ಎನ್ನುತ್ತಾರೆ. ಮೊದಲ ಮಾತು ಕೇಳಿ ಗಾಬರಿಯಾಗುತ್ತದೆ. ಎರಡನೆಯದು ನಿಜ.

ತೋಟ ಉಳಿಯಬೇಕಾದರೆ ಒಳ್ಳೆಯ ನೀರು ಬೇಕು. ಎದುರಿನ ಬಿಲ್ಡಿಂಗಿನವರು ದಿನಾ ಬೆಳಿಗ್ಗೆ ಹುಲ್ಲುಹಾಸಿಗೆ ನಲ್ಲಿ ನೀರು ಬಿಡುತ್ತಾರೆ. ಹುಲ್ಲಿಗೆ ನಲ್ಲಿ ನೀರು, ಮಕ್ಕಳ ಸೊಪ್ಪಿಗೆ ಗಟಾರ. ನಡುವೆ ಇರುವುದು ಒಂದು ರಸ್ತೆ. ಅಲ್ಲಿನ ಸೆಕ್ರೆಟರಿ, ಮೈಸೂರಿನ ಹಿರಿಯಣ್ಣ, ಕಾಶವ್ವ ಕೇಳಿದಾಗ ಮೊದಲು ಒಪ್ಪಲಿಲ್ಲ.

"ಲಾನ್ ಒಣಗೋಗತ್ತಲ್ಲಮ್ಮ?"

"ಹುಲ್ಲ ಯಾರು ತಿಂತಾರ್ರೀ ನಿಮ್ಮ ಮನಿಯಾಗ?"

ಹಿರಿಯಣ್ಣ ನಕ್ಕುಬಿಟ್ಟರು. ನಾಳೆಯಿಂದ ಪೈಪು ಈ ಕಡೆಗೂ ಬರುತ್ತದೆ.

ಶಾಲೆಯ ಹೊತ್ತಿಗೆ ಗೇಟಿನಲ್ಲಿ ನೀಲಾಬಾಯಿ ಕಾಣಿಸುತ್ತಾರೆ. ಪಕ್ಕದಲ್ಲಿ ಸೊರಗಿದ ಶಿವಕುಮಾರಿ. ನೀಲಾಬಾಯಿ ಬೋಳು ಪಾತಿಗಳನ್ನು ದಿಟ್ಟಿಸುತ್ತಾರೆ.

"ಎಲ್ಲಾ ಕಿತ್ತಿದೇನು?"

"ಮಣ್ಣೂ ತೆಗೀತೀನಿ. ನಾಳಿಂದ ಎದುರಿನ ಬಿಲ್ಡಿಂಗಿಂದ ಪೈಪ್ನ್ಯಾಗ ನಲ್ಲಿ ನೀರು ಬರ್ತದ. ಹೊಸಾ ಬೀಜ ಹಾಕಿದ್ರ ನಿನ್ನ ಮಗಳಿಗಿ ಕೊಡ್ಲೋ, ಬ್ಯಾಡೋ? ಅದೊಂದು ಹೇಳಿಬಿಡು."

ನೀಲಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸುತ್ತಾರೆ. "ಪೈಪ್ ನಾ ಹಿಡೀತೀನಿ. ನಿನ್ನ ನಂಬಂಗಿಲ್ಲ."

ಕಾಶವ್ವ ಬೆನ್ನು ನೆಟ್ಟಗೆ ಮಾಡಿ ನಿಲ್ಲುತ್ತಾರೆ.

"ನಂಬಬ್ಯಾಡ. ದಿನಾ ಬಾ."