ನೂರು ಎಣಿಸಲು ಕಲಿಸಿದವರು

ವಾಚರ್ ಕಾಕಾ ಅವರ ಎಡಗಿವಿ ಅರ್ಧವೇ ಇತ್ತು. ಇನ್ನರ್ಧವನ್ನು ಉಳವಿ ಕಾಡಿನ ಕರಡಿ ಕಿತ್ತುಕೊಂಡಿತ್ತು.

ಅರಣ್ಯ ಇಲಾಖೆಯ ಕಾವಲುಗಾರನ ಕೆಲಸದಿಂದ ನಿವೃತ್ತರಾಗಿ ಅವರು ಮುಂಡಗೋಡದಲ್ಲಿ ನಮ್ಮ ಪಕ್ಕದ ಮನೆಗೆ ಬಂದಾಗ ನಾನು ಡಿಗ್ರಿ ಓದುತ್ತಿದ್ದೆ. ಲ್ಯಾಪ್‌ಟಾಪಿನಲ್ಲಿ ಹೆದರಿಸುವ ಆಟ ಆಡುವುದು ನನ್ನ ಚಟ. ಬರಿಗೈ ಹುಡುಗಿಯೊಬ್ಬಳು ಪಾಳು ಆಸ್ಪತ್ರೆಯಲ್ಲಿ ಪಿಶಾಚಿಯ ಕಣ್ಣು ತಪ್ಪಿಸಿ ಅಡಗಬೇಕು, ಹೊಡೆದಾಡುವಂತಿಲ್ಲ. ಕಾಕಾ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದರು. ಮೊದಲ ದಿನವೇ ನಮ್ಮ ಫ್ಯಾನ್ ಆರಿಸಿ, ಆ ಆಸ್ಪತ್ರೆಯಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ಕೇಳಿದರು. ಪಿಶಾಚಿಗೆ ವಾಸನೆ ತಿಳಿಯುವುದಿಲ್ಲ ಎಂದು ನಾನು ನಕ್ಕೆ. ಅವರು ನಗಲಿಲ್ಲ.

ಆಟದಲ್ಲಿ ಪಿಶಾಚಿಯ ಹೆಜ್ಜೆ ಸಪ್ಪಳ ನಿಂತ ಕೂಡಲೇ ಕಪಾಟಿನಿಂದ ಹೊರಬಂದು ನಾನು ಪ್ರತಿಸಲ ಸಿಕ್ಕಿಬೀಳುತ್ತಿದ್ದೆ.

“ಸಪ್ಪಳ ನಿಂತ ಮ್ಯಾಲ ನೂರು ಎಣಿಸಬೇಕವಾ,” ಎಂದರು ಒಮ್ಮೆ. “ಹೋತು ಅಂತ ಅನಿಸಿದಾಗ ಅದು ಅಲ್ಲೇ ನಿಂತಿರತೈತಿ. ನಾ ಎಂಬತ್ತಕ್ಕ ಎದ್ದೆ, ಕಿವಿ ಹೋತು.”

ಭತ್ತ ತೆನೆಗಟ್ಟಿದ್ದ ಕಾಲದಲ್ಲಿ ಒಂದು ಬೆಳಿಗ್ಗೆ ಅವರನ್ನು ಸ್ಕೂಟಿಯಲ್ಲಿ ಕೂರಿಸಿಕೊಂಡು ಮಳಗಿಯ ಅವರ ತಂಗಿಯ ಮನೆಗೆ ಹೊರಟಿದ್ದೆ. ತಿರುವಿನಲ್ಲಿ ಒಂಟಿ ಆನೆ ನಿಂತಿತ್ತು. ಗಕ್ಕನೆ ಬ್ರೇಕ್ ಹಾಕಿದೆ. ಕಾಕಾ ನನ್ನ ಮುಡಿಯ ಮಲ್ಲಿಗೆ ಕಿತ್ತೆಸೆದು, ರಸ್ತೆಯಡಿಯ ಮೋರಿಯೊಳಗೆ ನನ್ನನ್ನು ತಳ್ಳಿದರು. ನೀವೂ ಬರ್ರಿ ಎಂದು ಅವರ ಅಂಗಿ ಹಿಡಿದೆ.

“ನನ್ನ ಮೈ ತುಂಬ ಬೀಡಿ ವಾಸನಿ ಐತಿ. ನಾ ನಿನ್ನ ಹತ್ರ ಇರಬಾರದು. ನೂರು, ನೆನಪಿಡು.”

ಬಿಡಿಸಿಕೊಂಡು, ಆನೆಗೆ ತಮ್ಮ ವಾಸನೆ ಸಿಕ್ಕಿ ಅದು ತಮ್ಮ ಹಿಂದೆ ಬರಲೆಂದು, ಗಾಳಿ ಬರುತ್ತಿದ್ದ ದಿಕ್ಕಿಗೆ ಓಡಿದರು. ಆನೆ ಘೀಳಿಟ್ಟಿತು. ನನ್ನ ಬೆನ್ನ ಹಿಂದೆ ಮೋರಿಯ ಗೋಡೆ ನಡುಗಿತು. ದೂರದಲ್ಲಿ ಕೊಂಬೆಗಳು ಮುರಿದವು, ಆಮೇಲೆ ಯಾವ ಸಪ್ಪಳವೂ ಇಲ್ಲ. ಎಣಿಸತೊಡಗಿದೆ. ಮೂವತ್ತಕ್ಕೆ ಬಂದಾಗ ಕಾಕಾ ಕರೆದರು: “ಯವ್ವಾ, ಹೋತು. ಬಾ.” ಅರವತ್ತಕ್ಕೆ ಮತ್ತೆ ಕರೆದರು, ದನಿ ನರಳುತ್ತಿತ್ತು. ನಾನು ಕದಲಲಿಲ್ಲ. ನೂರು ಮುಗಿಯಿತು. ಮತ್ತೆ ಒಂದರಿಂದ ಶುರುಮಾಡಿದೆ.

ಹೊರಬಂದು ನೋಡಿದರೆ, ಓಡುವಾಗ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡು ಹಳ್ಳದಲ್ಲಿ ಮಲಗಿದ್ದರು. ಆಮೇಲೆ ಅವರು ಕೋಲಿಲ್ಲದೆ ನಡೆಯಲೇ ಇಲ್ಲ. ಆದರೂ ಬಂದವರಿಗೆಲ್ಲ, ಈ ಹುಡುಗಿ ನಾನು ಹೇಳಿದಷ್ಟೇ ಮಾಡಿದಳು, ಸರಿಯಾಗಿ ನೂರು ಎಣಿಸಿ ಎದ್ದಳು ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಅದನ್ನು ಕೇಳುವಾಗೆಲ್ಲ ನನಗೆ ತಲೆ ಎತ್ತಲಾಗುತ್ತಿರಲಿಲ್ಲ.

ಈ ಶ್ರಾವಣದಲ್ಲಿ ಅವರು ತೀರಿಕೊಂಡರು. ಅದಕ್ಕೆ ಎರಡು ದಿನ ಮೊದಲು, ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ, ಅವರ ಹಾಸಿಗೆಯ ಬಳಿ ಕೂತು ಹೇಳಿಬಿಟ್ಟೆ: “ಕಾಕಾ, ಅವತ್ತ ನಾ ಎರಡು ಸಲ ಎಣಿಸಿದ್ನಿರಿ. ಅಂಜಿಕಿಗೆ.”

“ಗೊತ್ತೈತಿ,” ಎಂದರು. “ಹಳ್ಳದಾಗ ಬಿದ್ಕೊಂಡು ನಾನೂ ಎಣಿಸಾಕತ್ತಿದ್ನಿ.”