ಮಡಚಿಟ್ಟ ಅಂಚಿನಲ್ಲಿ ಒಬ್ಬಳು

ಬೀದಿದೀಪಗಳು ಇನ್ನೂ ಆರಿಲ್ಲ. ವಿನ್ಯಾಸ ಕಾಲೇಜಿನ ನೆಲಮಾಳಿಗೆಯಲ್ಲಿ ಆಗಲೇ ದೀಪ ಹತ್ತಿದೆ. ಅದರಡಿ ತಲೆ ಬಗ್ಗಿಸಿ ಕೂತವರು ‘ಪೆಟ್ಟಿಗೆ ಅಕ್ಕ’. ಅಮೆರಿಕದ ಹಳೆಯ ಪೋಸ್ಟರ್, ಫ್ಯಾನು, ರೇಡಿಯೊಗಳ ಚಿತ್ರ ತುಂಬಿದ ರಟ್ಟಿನ ಪೆಟ್ಟಿಗೆಗಳ ನಡುವೆಯೇ ಬಾಳುವುದರಿಂದ ಜೊತೆಯವರು ಇಟ್ಟ ಹೆಸರದು. ಚಿತ್ರಗಳ ಧೂಳು ಒರೆಸಿ, ಯಾವ ವಸ್ತುವನ್ನು ಯಾರು ರೂಪಿಸಿದರೆಂದು ಪತ್ತೆ ಹಚ್ಚುವುದು ಇವರ ಕೆಲಸ. ಅದನ್ನಿಟ್ಟು ಪುಸ್ತಕ ಬರೆಯುವವರು ಬೇರೆ.

“‘ನಮ್ಮನೆ ಫ್ಯಾನು ಕೆಟ್ಟು ಕೂತಿದೆ, ನೀನು ಅಮೆರಿಕದ ಫ್ಯಾನಿನ ಜಾತಕ ಹುಡುಕ್ತಿದೀಯ’ ಅಂತಾರೆ ನಮ್ಮೆಜಮಾನ್ರು,” ಎಂದು ನಗುತ್ತಾರೆ.

ಹೋದ ವರ್ಷದ ಮಾತು ಬಂದರೆ ಆ ನಗು ನಿಲ್ಲುತ್ತದೆ. ಪ್ರದರ್ಶನಕ್ಕೆಂದು ಒಂದು ಫೋಟೊವನ್ನು ಹಳೆಯ ರಟ್ಟಿನಿಂದ ಬಿಡಿಸುತ್ತಿದ್ದರು. ಜೇಡಿಮಣ್ಣಿನ ಕೆಟಲ್ ಮಾದರಿ, ಪಕ್ಕದಲ್ಲಿ ಅದನ್ನು ರೂಪಿಸಿದವನೆಂದು ಹೆಸರಾದ ಕೋಟುಧಾರಿ. ಫೋಟೊದ ಬಲದ ಅಂಚನ್ನು ಯಾರೋ ಹಿಂದಕ್ಕೆ ಮಡಚಿಟ್ಟಿದ್ದರು. ಬಿಡಿಸಿದರೆ, ಮೊಣಕೈವರೆಗೆ ಮಣ್ಣು ಮೆತ್ತಿಕೊಂಡ ಹುಡುಗಿಯೊಬ್ಬಳು ಕೆಟಲಿನ ಮೂತಿ ತಿದ್ದುತ್ತಿದ್ದಾಳೆ!

“ಇಷ್ಟು ವರ್ಷ ನಾನೂ ಆ ಕೋಟಿನವರ ಹೆಸರನ್ನೇ ಹಾಕ್ತಿದ್ದೆನಲ್ಲ!”

ಕೆಟಲ್ ತಯಾರಿಸಿದ ಅಮೆರಿಕದ ಕಾರ್ಖಾನೆಯ ಊರಿನ ಹಳಬರಿಗೆಲ್ಲ ಚಿತ್ರ ಕಳಿಸಿದರು. ಕೊನೆಗೆ ಒಬ್ಬಾಕೆ, “ಇವರು ನಮ್ಮ ಚಿಕ್ಕಮ್ಮ, ಬದುಕಿದ್ದಾರೆ” ಎಂದು ಉತ್ತರಿಸಿದಳು. ಫೋಟೊದ ಹುಡುಗಿ ಈಗ ಅಜ್ಜಿ. ವಿಡಿಯೊ ಕರೆಯಲ್ಲಿ ಅವರು ಮೊದಲು ಕೇಳಿದ್ದೇ ಬೇರೆ: “ಆ ಮಾದರಿ ಪಾಸಾಗ್ಲಿಲ್ಲ ಅಂತ ಕಂಪನಿಯವರು ಅಂದಿದ್ರಲ್ಲಮ್ಮ? ಅದಕ್ಕೇ ನಾನು ಆ ಕೆಲಸಾನೇ ಬಿಟ್ಟು ಚಪ್ಪಲಿ ಅಂಗಡಿ ಸೇರಿದ್ದು.”

ಕಂಪನಿ ಆ ಕೆಟಲನ್ನು ಹೊರದೇಶಗಳಲ್ಲಿ ಮಾತ್ರ ಮಾರಿತ್ತು; ಅಜ್ಜಿಯ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ. “‘ನಮ್ಮಮ್ಮ ಅದರಲ್ಲೇ ನೀರು ಕಾಯಿಸ್ತಿದ್ರು ಅಜ್ಜಿ’ ಅಂದೆ. ‘ಇರು, ಬಂದೆ’ ಅಂತ ಅವರು ಎದ್ದೇ ಬಿಟ್ರು.”

ಅಜ್ಜಿ ಅಟ್ಟದಿಂದ ತಮ್ಮ ಮೂಲ ರೇಖಾಚಿತ್ರಗಳನ್ನು ಇಳಿಸಿ ಕಳಿಸಿಕೊಟ್ಟರು. ಆದರೂ ಪ್ರದರ್ಶನದ ಮುಖ್ಯಸ್ಥರು, ಕೋಟಿನವರ ಹೆಸರಿನ ಫಲಕ ಅಚ್ಚಾಗಿದೆ, ಈಗ ಬದಲಿಸಲಾಗದು ಎಂದರು. ಎಂದೂ ಎದುರು ಮಾತಾಡದ ಅಕ್ಕ ಅಂದು ಫೋಟೊ ಮುಂದೆ ಹಿಡಿದರು: “ಹಾಗಾದ್ರೆ ನೀವೇ ಇದನ್ನ ಮತ್ತೆ ಮಡಚಿಕೊಡಿ ಸರ್. ನನ್ನ ಕೈಲಾಗಲ್ಲ.”

ಮುಖ್ಯಸ್ಥರು ಫೋಟೊವನ್ನು ಮಡಚದೆ ಹಿಂತಿರುಗಿಸಿದರು. ಫಲಕ ಬದಲಾಯಿತು. ಈಗ ಅಲ್ಲಿ ಮೊದಲು ಅಜ್ಜಿಯ ಹೆಸರು.

ಪುಸ್ತಕಗಳು ಮಾತ್ರ ಇನ್ನೂ ಹಳೆಯ ಹೆಸರನ್ನೇ ಹೊತ್ತಿವೆ. “ನನ್ನ ಹೆಸರು ಎಲ್ಲೂ ಬರೋದು ಬೇಡ. ಅಜ್ಜಿ ಕಣ್ಣು ಚೆನ್ನಾಗಿರೋವಾಗ್ಲೇ ಒಂದು ಪುಸ್ತಕ ತಿದ್ದಿ ಬರ್ಲಿ. ಅವರೇ ಓದ್ಕೊಳ್ಲಿ.”