ಟೈಬ್ರೇಕರ್‌ನಲ್ಲಿ ಅಮ್ಮ

ಇಂದಿರಾನಗರದ ಕೆಫೆಯೊಂದರಲ್ಲಿ ಹಳೇ ವಿಡಿಯೊ ಗೇಮ್‌ಗಳ ಸ್ಪರ್ಧೆ ಇದೆ ಎಂದು ಅಮ್ಮನಿಗೆ ಹೇಳಿದವಳು ನಾನೇ. ಅವಳು ಆಡಲು ಹೆಸರು ಕೊಡುತ್ತಾಳೆಂದು ಮಾತ್ರ ಎಣಿಸಿರಲಿಲ್ಲ.

ನಾನು ಚಿಕ್ಕವಳಿದ್ದಾಗ ಹೊಸ ತಿಪ್ಪಸಂದ್ರದ ನಮ್ಮ ಮನೆಯಲ್ಲಿ ಟಿವಿಗೆ ಸಿಕ್ಕಿಸಿ ಆಡುವ ಟೆನಿಸ್ ಆಟವೊಂದಿತ್ತು. ಡಬ್ಬಿಯ ಮೇಲೆ ಆ ಕಾಲದ ಚಾಂಪಿಯನ್ನನ ಚಿತ್ರ, ಕೆಳಗೆ ಅವನ ಸಹಿ. ಅಪ್ಪ ಅದನ್ನು ಶಿವಾಜಿನಗರದಿಂದ ತಂದದ್ದು ನನಗೆ; ಆಡಿದ್ದು ಅಮ್ಮ. ವಿಮಾ ಕಚೇರಿಯಿಂದ ಬಂದವಳು ಅದರ ಮುಂದೆ ಕೂತಳೆಂದರೆ ಕುಕ್ಕರ್ ಕೂಗಿದ್ದೂ ಕೇಳಿಸುತ್ತಿರಲಿಲ್ಲ. "ಸೋಲ್ತೀನಿ ಅಂತ ಗೊತ್ತಿದ್ರೂ ಓಡ್ತಾನಲ್ಲ, ಅದಕ್ಕೇ ಅವನು ಇಷ್ಟ ಕಣೇ" ಎಂದು ಚಾಂಪಿಯನ್ನನ ಬಗ್ಗೆ ಹೇಳುತ್ತಿದ್ದಳು.

ಈಗ ಅಮ್ಮ ನಿವೃತ್ತಳು. ಕೆಲವು ತಿಂಗಳಿಂದ ಅವಳ ಬಲಗೈ ನಡುಗುವುದನ್ನು ನಾನು ಗಮನಿಸಿದ್ದೆ. ಡಾಕ್ಟರ ಮಾತೆತ್ತಿದರೆ, "ವಯಸ್ಸಾಯ್ತು, ನಡುಗುತ್ತೆ ಬಿಡು" ಎಂದು ಎದ್ದುಹೋಗುತ್ತಿದ್ದಳು.

ಕೆಫೆಯಲ್ಲಿ ಅದೇ ಟೆನಿಸ್ ಆಟ. ಮೊದಲ ಸುತ್ತುಗಳನ್ನು ಅಮ್ಮ ಸಲೀಸಾಗಿ ಗೆದ್ದಳು. ಫೈನಲ್‌ನಲ್ಲಿ ಎದುರಾದದ್ದು ಲಿಂಗರಾಜಪುರದ ಒಬ್ಬ ಕಾಲೇಜು ಹುಡುಗಿ. ಪಂದ್ಯ ಟೈಬ್ರೇಕರ್‌ಗೆ ಹೋಯಿತು. ಜನ ಸುತ್ತುವರಿದು ಮೊಬೈಲ್ ಎತ್ತಿ ಹಿಡಿದರು. ಆಗಲೇ ಅಮ್ಮನ ಕೈ ನಡುಗತೊಡಗಿತು.

ಆ ಆಟದಲ್ಲಿ ಸರ್ವ್ ಮಾಡಲು ಕೈಯಲ್ಲಿ ಹಿಡಿದ ಕಂಟ್ರೋಲರಿನ ಬಟನ್ ಒಮ್ಮೆ ಒತ್ತಿದರೆ ಚೆಂಡು ಮೇಲೇರುತ್ತದೆ, ಸರಿಯಾದ ಕ್ಷಣಕ್ಕೆ ಮತ್ತೊಮ್ಮೆ ಒತ್ತಬೇಕು. ಅಮ್ಮನ ಹೆಬ್ಬೆರಳು ಅದುರಿ ಚೆಂಡು ಏರುವ ಮೊದಲೇ ಒತ್ತಿಬಿಟ್ಟಿತು. ಚೆಂಡು ನೆಟ್‌ಗೆ ಬಿತ್ತು. ಮತ್ತೆ ಹಾಗೇ. ಹಿಂದೆ ಯಾರೋ ಕಿಸಕ್ಕೆಂದರು. ನಾನು ಅಮ್ಮನ ಹತ್ತಿರ ಬಗ್ಗಿ, "ಸಾಕಮ್ಮ, ಹೋಗೋಣ ಬಾ" ಎಂದೆ.

"ನೀನು ಕೂತ್ಕೋ."

ಅವಳು ಆಯೋಜಕನ ಕಡೆ ತಿರುಗಿದಳು. "ನನ್ನ ಕೈ ನಡುಗುತ್ತೆ ರೀ. ಇದನ್ನ ಟೇಬಲ್ ಮೇಲೆ ಇಟ್ಕೊಂಡು ಆಡ್ಬಹುದಾ?"

ಅಷ್ಟು ಜನರೆದುರು ಹೇಳಿಬಿಟ್ಟಳು. ಆಯೋಜಕ ತಡವರಿಸಿದ. "ಕೈಯಲ್ಲೇ ಹಿಡ್ಕೋಬೇಕು ಅಂತ ರೂಲ್ ಇದೆ ಮೇಡಂ..."

"ಇಟ್ಕೊಳ್ಳಿ ಆಂಟಿ, ನಂಗೇನೂ ತೊಂದ್ರೆ ಇಲ್ಲ" ಎಂದಳು ಹುಡುಗಿ. "ಆದ್ರೆ ನಾನು ಬಿಟ್ಕೊಡಲ್ಲ."

"ಬಿಟ್ಕೊಟ್ರೆ ನಾನು ಎದ್ದು ಹೋಗ್ತೀನಿ."

ಅಮ್ಮ ಕಂಟ್ರೋಲರನ್ನು ಮೇಜಿನ ಮೇಲಿಟ್ಟು, ಮಣಿಕಟ್ಟನ್ನು ಮೇಜಿಗೆ ಒತ್ತಿ ಹಿಡಿದಳು. ಸರ್ವ್ ಗೆರೆಯೊಳಗೆ ಬಿತ್ತು. ಮುಂದಿನ ಪಾಯಿಂಟ್ ಅವಳದು, ಅದರ ಮುಂದಿನದು ಹುಡುಗಿಯದು. ಮತ್ತೆ ಸಮ. ಕೆಫೆಯಲ್ಲಿ ಚೆಂಡಿನ ಟಕ್ ಟಕ್ ಬಿಟ್ಟರೆ ಸದ್ದೇ ಇಲ್ಲ. ನಾನು ಪರದೆ ನೋಡಲಾರದೆ ಅವಳ ಕತ್ತಿನ ನರವನ್ನೇ ನೋಡುತ್ತಿದ್ದೆ.

ಕೊನೆಗೆ ಹುಡುಗಿ ಚೆಂಡನ್ನು ಅಮ್ಮನ ಆಟಗಾರನ ತಲೆಯ ಮೇಲಿಂದ ಎತ್ತಿ ಹಾಕಿದಳು. ಅವನು ಹಿಂದಕ್ಕೆ ಓಡಿದ. ಮುಟ್ಟಲಾಗಲಿಲ್ಲ.

ಹುಡುಗಿ ಕುಣಿದೆದ್ದವಳು ಬಂದು ಅಮ್ಮನನ್ನು ಅಪ್ಪಿಕೊಂಡಳು. ಅಮ್ಮ ನಗುತ್ತಲೇ ಅವಳ ಬೆನ್ನು ತಟ್ಟಿದಳು. ಆಚೆ ಬಂದು ಆಟೊಗೆ ಕಾಯುವಾಗ ನನ್ನತ್ತ ನೋಡದೆ, "ಯಾವುದೋ ಡಾಕ್ಟರು ಅಂತಿದ್ಯಲ್ಲ, ನಾಳೆ ಹೋಗೋಣ" ಎಂದಳು.

ಹಲಸೂರಿನ ಆ ಡಾಕ್ಟರು, ನಡುಕ ಯಾವಾಗಿನಿಂದ ಎಂದು ಕೇಳಿದರು. ಕೆಲವು ತಿಂಗಳಿಂದ ಎನ್ನಲು ನಾನು ಬಾಯಿ ತೆರೆದಿದ್ದೆ.

"ಎರಡು ವರ್ಷ ಆಯ್ತು ಡಾಕ್ಟ್ರೇ" ಎಂದಳು ಅಮ್ಮ.